ಬಾಡಿಗೆ ಮನೆಗೆ ಟೈಲ್ಸ್ ಹಾಕಿಸೋದು ಬೇಡ

16 ನವೆಂಬರ್ 2025, ಭಾನುವಾರ

ಬೆಳಿಗ್ಗೆಯಿಂದ ಹಳೇ ಕಂಪ್ಯೂಟರನ್ನು ನೆಲದ ಮೇಲೆ ಮಲಗಿಸಿಕೊಂಡು ಕೂತಿದ್ದೇನೆ. ಪಕ್ಕದ ಮುಚ್ಚಳ ತೆಗೆದರೆ ಒಳಗೆ ಹಳೇ ದಿಂಬು ಹರಿದ ಹಾಗೆ ಧೂಳು. ಇದನ್ನು ಜೋಡಿಸಿದ್ದು 2014ರಲ್ಲಿ. ಐ5-4570 ಪ್ರೊಸೆಸರ್, ಎಲ್ಲ ಭಾಗಗಳೂ ಕೂರುವ ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿ, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಆಗ ಇದು ಮನೆಯ ಹೆಮ್ಮೆ. ಈಗ ತಮ್ಮನ ಪಾಲಿಗೆ ಬಂದಿದೆ, ಅವನಿಗೋ ಸೈಬರ್‌ಪಂಕ್ 2077 ಆಡಬೇಕಂತೆ.

"ಅಕ್ಕಾ, ಒಂದು ಒಳ್ಳೇ ಕಾರ್ಡ್ ಹಾಕಿಬಿಟ್ರೆ ಆಯ್ತಲ್ಲ?"

ನಾನೂ ನಿನ್ನೆ ರಾತ್ರಿವರೆಗೆ ಹಾಗೇ ಅಂದುಕೊಂಡಿದ್ದೆ. ಆ ಆಟದ 2.0 ಅಪ್‌ಡೇಟ್ ಬಂದಮೇಲೆ ಕನಿಷ್ಠ ಅಂತ ಕೇಳುವುದು ಐ7-6700, ಜಿಟಿಎಕ್ಸ್ 1060ರ 6 ಜಿಬಿ, 12 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ. ನಾಲ್ಕರಲ್ಲಿ ನಾಲ್ಕರಲ್ಲೂ ನಾವು ಫೇಲ್. ಆದರೂ ನಿಜಕ್ಕೂ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನೋಡದೆ ಏನನ್ನೂ ಕೊಳ್ಳಬಾರದು ಅನ್ನಿಸಿ, ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆ.

ಪರೀಕ್ಷೆ ಸುಲಭ. ರೆಸಲ್ಯೂಷನ್, ಅಂದರೆ ಪರದೆಯ ಚಿತ್ರದ ಚುಕ್ಕೆಗಳ ಸಂಖ್ಯೆ, ಇಳಿಸಿ ನೋಡುವುದು. ಇಳಿಸಿದಾಗ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಏರಿದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಏರದಿದ್ದರೆ ಪ್ರೊಸೆಸರ್‌ನಲ್ಲಿ. ಆಟದೊಳಗಿನ ಊರಾಚೆಯ ಖಾಲಿ ರಸ್ತೆಯಲ್ಲಿ 1080ಪಿಗೆ 22 ಫ್ರೇಮ್ ಬರುತ್ತಿತ್ತು, 720ಪಿಗೆ ಇಳಿಸಿದರೆ 36. ಸರಿ, ಕಾರ್ಡ್‌ನದೇ ತಪ್ಪು ಅಂತ ತಮ್ಮ ಕುಣಿದ. ಆಮೇಲೆ ಜನ ಕಿಕ್ಕಿರಿದ ಸಂತೆಯೊಳಗೆ ನಡೆಸಿದೆ. 720ಪಿಯಲ್ಲೇ 27. ಎಲ್ಲ ಸೆಟ್ಟಿಂಗನ್ನೂ ನೆಲಕ್ಕಿಳಿಸಿದರೂ 27. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರಿನ ನಾಲ್ಕೂ ಕೋರ್‌ಗಳ ಗೆರೆ ಚಾವಣಿಗೆ ಅಂಟಿಕೊಂಡಿತ್ತು. ಅಂದರೆ ಎಂಥ ಕಾರ್ಡ್ ತಂದು ಹಾಕಿದರೂ ಈ ಸಂತೆಯಲ್ಲಿ ಇಷ್ಟೇ. ತಮ್ಮನ ಮುಖ ಸಣ್ಣದಾಯಿತು.

ಹಾಗಾದರೆ ಬೋರ್ಡನ್ನೇ ಬದಲಿಸಿಬಿಡೋಣವೇ? ಬೋರ್ಡ್ ಬದಲಿಸಿದರೆ ಪ್ರೊಸೆಸರ್ ಹೊಸದು, ಈಗಿರುವ ಡಿಡಿಆರ್3 ರ‍್ಯಾಮ್ ಕಸ, ಡಿಡಿಆರ್4 ಅಥವಾ ಡಿಡಿಆರ್5 ಬೇರೆ ಕೊಳ್ಳಬೇಕು. ಅದು ಅಪ್‌ಗ್ರೇಡ್ ಅಲ್ಲ, ಹೊಸ ಕಂಪ್ಯೂಟರ್. ಸದ್ಯಕ್ಕೆ ಕೈಲಾಗದು, ಒಂದೆರಡು ವರ್ಷದಲ್ಲಂತೂ ಮಾಡಲೇಬೇಕು. ಕಳೆದ ತಿಂಗಳು 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ 8ನೇ ಪೀಳಿಗೆಯಿಂದ ಈಚಿನದನ್ನೇ ಕೇಳುತ್ತದೆ, ನಮ್ಮದು 4ನೆಯದು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ ಮುಂದಿನ ಅಕ್ಟೋಬರ್‌ವರೆಗೆ ಎಳೆಯಬಹುದು, ಅಷ್ಟೇ.

ಇದು ಹೊಳೆದ ಮೇಲೆ ಲೆಕ್ಕ ಬೇರೆಯಾಯಿತು. ಈ ಬೋರ್ಡ್ ಬಾಡಿಗೆ ಮನೆ. ಖಾಲಿ ಮಾಡುವಾಗ ಹೊತ್ತುಕೊಂಡು ಹೋಗಬಹುದಾದ್ದಕ್ಕೆ ಧಾರಾಳವಾಗಿ ಹಣ ಹಾಕಬಹುದು: ಎಲ್ಲಕ್ಕೂ ವಿದ್ಯುತ್ ಕೊಡುವ ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್. ಇಲ್ಲೇ ಬಿಟ್ಟುಹೋಗುವ ರ‍್ಯಾಮ್‌ಗೆ, ಪ್ರೊಸೆಸರ್‌ಗೆ ಕೈ ಬಿಗಿ ಹಿಡಿಯಬೇಕು. ಬಾಡಿಗೆ ಮನೆಗೆ ಯಾರಾದರೂ ಟೈಲ್ಸ್ ಹಾಕಿಸುತ್ತಾರೆಯೇ?

ಮೊದಲು ನೋಡಿದ್ದು ಎಸ್‌ಎಂಪಿಎಸ್. ಹೊರಗೆ ದೊಡ್ಡಕ್ಷರದಲ್ಲಿ 450 ವ್ಯಾಟ್ ಅಂತ ಇದೆ. ನಾಲ್ಕು ಸ್ಕ್ರೂ ಬಿಚ್ಚಿ ಹೊರಗೆಳೆದು, ಧೂಳು ಒರೆಸಿ, ಪಕ್ಕದ ಚೀಟಿಯನ್ನು ಮೊಬೈಲ್ ಟಾರ್ಚ್‌ನಲ್ಲಿ ಓದಿದೆ. 12 ವೋಲ್ಟ್ ಸಾಲಿನಲ್ಲಿ ಬರೆದದ್ದು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಈಗಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಮುಖ್ಯವಾಗಿ ಉಣ್ಣುವುದು ಈ 12 ವೋಲ್ಟ್‌ನಿಂದಲೇ. ಪ್ರೊಸೆಸರ್ 84 ವ್ಯಾಟ್, ನನ್ನ ಮನಸ್ಸಿನಲ್ಲಿದ್ದ ಆರ್‌ಎಕ್ಸ್ 6600 ಕಾರ್ಡ್ 132. ಕೂಡಿದರೆ 216. ಫ್ಯಾನು, ಡಿಸ್ಕು ಇನ್ನೂ ಲೆಕ್ಕಕ್ಕೇ ಬಂದಿಲ್ಲ! ಹನ್ನೊಂದು ವರ್ಷ ಈ ಡಬ್ಬಿ ಬದುಕಿದ್ದು 750 ಟಿಐ ಬರೀ 60 ವ್ಯಾಟ್ ಕುಡಿಯುತ್ತಿತ್ತು ಅನ್ನೋ ಕಾರಣಕ್ಕೆ. ಅದರ ಮೇಲೆ ಇದರಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ ವೈರೇ ಇಲ್ಲ. ಹಾರ್ಡ್ ಡಿಸ್ಕಿನ ಹಳೇ ನಾಲ್ಕು ಪಿನ್‌ನಿಂದ 8 ಪಿನ್‌ಗೆ ಬದಲಿಸುವ ಕನೆಕ್ಟರ್ ಸಿಗುತ್ತೆ ಅಂತ ತಮ್ಮ ಅಂದ. ಸಿಗುತ್ತೆ ಕಣೋ, ವೈರ್ ಕರಗಿದ ವಾಸನೆಯೂ ಜೊತೆಗೇ ಸಿಗುತ್ತೆ.

ಹೊಸದು 550 ವ್ಯಾಟ್, 80 ಪ್ಲಸ್ ಬ್ರಾಂಜ್ ಅಂತ ನಿಶ್ಚಯ ಮಾಡಿದೆ. ಬ್ರಾಂಜ್ ಅನ್ನುವುದು ದಕ್ಷತೆಯ ಗುರುತು, ಅರ್ಧ ಹೊರೆಯಲ್ಲಿ 85% ಇರಬೇಕು ಅಂತ. ಗಟ್ಟಿಮುಟ್ಟು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ, ಅದಕ್ಕೇ ಇಲ್ಲೂ 12 ವೋಲ್ಟ್ ಸಾಲಿನ ಆಂಪಿಯರ್ ಓದಿಕೊಂಡೇ ಆರಿಸಿದ್ದು.

ಕಾರ್ಡ್‌ದು ದೊಡ್ಡ ಕಥೆ. ಎಚ್81 ಬೋರ್ಡ್‌ನ ಉದ್ದ ಸ್ಲಾಟ್ ಪಿಸಿಐಇ 3.0 (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿಯ ಪೀಳಿಗೆ, ಸಂಖ್ಯೆ ಏರಿದಷ್ಟೂ ವೇಗ) ಅಂತ ನಾನು ಇಷ್ಟು ದಿನ ನಂಬಿದ್ದೆ, ಯಾಕೆಂದರೆ ಪ್ರೊಸೆಸರ್‌ಗೆ 3.0 ಬರುತ್ತದೆ. ಬಿಚ್ಚುವ ಮೊದಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ನೋಡಿದ್ದೆ: ಕಾರ್ಡ್ 3.0, ಓಡುತ್ತಿರುವುದು 1.1. ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಸುಮ್ಮನೆ ಕೂತಾಗ ಕಾರ್ಡ್ ಹೀಗೆ ನಿದ್ದೆಗೆ ಜಾರುತ್ತದೆ. ಪಕ್ಕದ ಪುಟ್ಟ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಕೆಲಸ ಕೊಟ್ಟೆ, 2.0ಕ್ಕೆ ಏರಿತು. ಅಲ್ಲೇ ನಿಂತಿತು. ಎಚ್81ರಲ್ಲಿ ಇಂಟೆಲ್‌ನವರು ಸ್ಲಾಟನ್ನು 2.0ಕ್ಕೇ ಕಟ್ಟಿಹಾಕಿದ್ದಾರೆ.

2.0ರಲ್ಲಿ ಈ ದಾರಿಯ ಒಂದು ಲೇನ್‌ಗೆ ಸೆಕೆಂಡಿಗೆ 500 ಎಂಬಿ. ಕಾರ್ಡ್ ಎಷ್ಟು ಲೇನ್ ಬಳಸುತ್ತದೆ ಅನ್ನುವುದು ಇಲ್ಲಿ ಜೀವನ್ಮರಣದ ಪ್ರಶ್ನೆ. ತಮ್ಮ ಹುಡುಕಿಟ್ಟಿದ್ದ ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕೇ ಲೇನ್‌ನದು. ಹೊಸ ಬೋರ್ಡ್‌ನ 4.0ರಲ್ಲಿ ಸರಿಹೋಗುತ್ತದೆ, ಇಲ್ಲಿ ಹಾಕಿದರೆ ಸೆಕೆಂಡಿಗೆ 2 ಜಿಬಿ. ಅದರ ಸ್ವಂತ ಮೆಮೊರಿಯೂ 4 ಜಿಬಿ ಮಾತ್ರ. ತುಂಬಿದ ಮೇಲೆ ಆಟದ ಮೇಲ್ಮೈ ಚಿತ್ರಗಳಾದ ಟೆಕ್ಸ್‌ಚರ್‌ಗಳನ್ನೆಲ್ಲ ಆ ಸಂದಿಯಲ್ಲೇ ಎಳೆದು ತರಬೇಕು. ಆಟ ಗಳಿಗೆಗೊಮ್ಮೆ ಬಿಕ್ಕುತ್ತದೆ. ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಇಂಟೆಲ್ ಆರ್ಕ್ ಕಾರ್ಡ್ ಕೂಡ ಬೇಡ, ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ಮುಟ್ಟುವ ಸೌಲಭ್ಯ) ಇಲ್ಲದಿದ್ದರೆ ಅದರ ವೇಗ ತೀರಾ ಕುಸಿಯುತ್ತದೆ, ಬೋರ್ಡನ್ನು ಎಬ್ಬಿಸುವ ತಂತ್ರಾಂಶವಾದ ನಮ್ಮ ಬಯಾಸ್‌ಗೆ ಆ ಹೆಸರೇ ಗೊತ್ತಿಲ್ಲ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1060 ಒಂದು ಕಾಲದ ನನ್ನ ಕನಸು. ಆದರೆ ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ನಿಲ್ಲಿಸಿ, 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಕೊಡುತ್ತೇವೆ ಅಂತ ಎನ್ವಿಡಿಯಾ ಹೇಳಿಯಾಗಿದೆ.

ಉಳಿದದ್ದು ಎರಡು ಕಾರ್ಡ್. 1660 ಸೂಪರ್‌ಗೆ 16 ಲೇನ್, ಈ ಬೋರ್ಡ್‌ಗೆ ಹೇಳಿಮಾಡಿಸಿದಂತಿದೆ, ಮೆಮೊರಿ 6 ಜಿಬಿ. ಆರ್‌ಎಕ್ಸ್ 6600ಕ್ಕೆ 8 ಲೇನ್, ಅಂದರೆ ಇಲ್ಲಿ ಸೆಕೆಂಡಿಗೆ 4 ಜಿಬಿ ವೇಗ, ಮೆಮೊರಿ ಮಾತ್ರ ಹೆಚ್ಚು, 8 ಜಿಬಿ. ಈ ಪೆಟ್ಟಿಗೆಯನ್ನಷ್ಟೇ ನೋಡಿದರೆ ಮೊದಲನೆಯದು. ನಾನು ಎರಡನೆಯದನ್ನೇ ಬರೆದುಕೊಂಡೆ. ಇಲ್ಲಿ ಸ್ವಲ್ಪ ಕುಂಟಿದರೂ ಮುಂದಿನ ಬೋರ್ಡ್‌ಗೆ ಹೋದ ದಿನ ಪೂರ್ತಿ ಕಾಲು ಚಾಚುತ್ತದೆ. ಹೊಲಿಗೆ ಡಬ್ಬಿಯ ಟೇಪು ತಂದು ಕ್ಯಾಬಿನೆಟ್ ಅಳೆದೆ, ಹಿಂಬದಿಯಿಂದ ಡಿಸ್ಕ್ ಇಡುವ ಗೂಡಿನವರೆಗೆ 245 ಮಿಲಿಮೀಟರ್. ಎರಡು ಫ್ಯಾನಿನ ಗಿಡ್ಡ ಮಾದರಿ ಹಿಡಿಯುತ್ತದೆ, ಮೂರು ಫ್ಯಾನಿನದು ಬೇಡ.

ಪ್ರೊಸೆಸರ್‌ಗೆ ಸೆಕೆಂಡ್ ಹ್ಯಾಂಡ್ ಐ7-4770. ಕೋರ್ ಅದೇ ನಾಲ್ಕು, ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಎಂಟು. ಸಂತೆಯ ಜನಜಂಗುಳಿಗೆ ಬೇಕಾದ್ದು ಅದೇ. 4790 ಇನ್ನೂ ಚುರುಕು, ಆದರೆ ಅದು 2014ರ ರಿಫ್ರೆಶ್ ಪೀಳಿಗೆ, ಬಯಾಸ್ ಅಪ್‌ಡೇಟ್ ಕೇಳುತ್ತದೆ. ಈ ವಯಸ್ಸಿನ ಬೋರ್ಡ್‌ಗೆ ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಮುಗಿಯಿತು, ಅಷ್ಟು ಧೈರ್ಯ ನನಗಿಲ್ಲ. 4770ಕ್ಕೂ ಅದೇ 84 ವ್ಯಾಟ್, ಹಾಗಾಗಿ ಕೂಲರ್ ಬದಲಿಸಬೇಕಿಲ್ಲ. ರ‍್ಯಾಮ್‌ಗೆ ಈಗಿರುವಂಥದ್ದೇ ಇನ್ನೊಂದು 8 ಜಿಬಿ, 1600ರ ವೇಗದ್ದು. ಒಟ್ಟು 16, ಬೋರ್ಡ್ ತಡೆಯುವುದೂ ಅಷ್ಟೇ. ಜೊತೆಗೆ ಡ್ಯುಯಲ್ ಚಾನೆಲ್ ಸಿಕ್ಕು ಮೆಮೊರಿಯ ದಾರಿ ಇಮ್ಮಡಿ ಅಗಲವಾಗುತ್ತದೆ. ಇಷ್ಟು ವರ್ಷ ಒಂದೇ ಪಟ್ಟಿ ಹಾಕಿಕೊಂಡು ಅರ್ಧ ದಾರಿಯಲ್ಲೇ ಓಡಾಡಿದ್ದೇವಲ್ಲ ಅಂತ ನಾಚಿಕೆಯಾಯಿತು.

ಎಸ್‌ಎಸ್‌ಡಿ 1 ಟಿಬಿಯ ಸಾಟಾ, ಅಂದರೆ ಕೇಬಲ್ ಮೂಲಕ ಜೋಡಿಸುವಂಥದ್ದು. ನೇರ ಬೋರ್ಡಿಗೇ ಚುಚ್ಚುವ ಎಂ.2 ಸ್ಲಾಟ್ ಇಲ್ಲಿಲ್ಲ, ಹಾಗಾಗಿ ಯೋಚನೆಯೂ ಇಲ್ಲ. ಕೇಬಲ್ ಎಲ್ಲಿ ಚುಚ್ಚುವುದು ಅಂತ ನೋಡುವಾಗ ಮಾತ್ರ ನಗು ಬಂತು. ಎಚ್81ರಲ್ಲಿ 6 ಗಿಗಾಬಿಟ್‌ನ ವೇಗದ ಸಾಟಾ ಪೋರ್ಟ್ ಇರುವುದೇ ಎರಡು. ಒಂದರಲ್ಲಿ ಹಾರ್ಡ್ ಡಿಸ್ಕ್. ಇನ್ನೊಂದರಲ್ಲಿ, ವರ್ಷಗಟ್ಟಲೆ ಬಾಯಿ ತೆರೆಯದ ಡಿವಿಡಿ ಡ್ರೈವ್ ಯಜಮಾನನ ಹಾಗೆ ಕೂತಿದೆ. ಜೋಡಿಸಿದವಳು ನಾನೇ, ಬೈಯಲು ಬೇರೆ ಯಾರೂ ಇಲ್ಲ. ಕೇಬಲ್ ಕಿತ್ತು ಹಾಕಿದೆ.

ಸಂಜೆ ಎಸ್‌ಎಂಪಿಎಸ್, ಎಸ್‌ಎಸ್‌ಡಿ ಎರಡಕ್ಕೆ ಮಾತ್ರ ಆರ್ಡರ್ ಮಾಡಿದೆ. ಕಾರ್ಡ್ ಬಂದು ಕೂತು, ಅದಕ್ಕೆ ಉಣಿಸಲು ವಿದ್ಯುತ್ ಇಲ್ಲದೆ ಅದನ್ನೇ ನೋಡುತ್ತ ಕೂರುವುದು ಬೇಡ. ತಮ್ಮನಿಗೆ ಸಮಾಧಾನವಿಲ್ಲ. "ಅಕ್ಕಾ, ಈಗ ಮತ್ತೆ ಜೋಡಿಸಿದ್ರೆ ಇವತ್ತು ಏನಾದ್ರೂ ಜಾಸ್ತಿ ಬರುತ್ತಾ?" ಅಂದ.

ಬ್ರಷ್ ಹಿಡಿದು ಕೂಲರ್‌ನ ರೆಕ್ಕೆಗಳ ಮಧ್ಯದ ಧೂಳು ತೆಗೆದೆ. ಪ್ರೊಸೆಸರ್ ಮೇಲಿನ, ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿ, ಕೂಲರ್‌ನ ನಾಲ್ಕು ಗೂಟ ಟಕ್ ಟಕ್ ಅಂತ ಒತ್ತಿ, ಎಲ್ಲ ಮೊದಲಿನಂತೆ ಜೋಡಿಸಿ, ಅದೇ ಸಂತೆಗೆ ಹೋದೆವು. ಬೆಳಿಗ್ಗೆ 88 ಡಿಗ್ರಿ ಇದ್ದ ಪ್ರೊಸೆಸರ್ ಈಗ 67. ಫ್ಯಾನಿನ ಕಿರುಚಾಟ ನಿಂತಿದೆ. ತಮ್ಮ ಉಸಿರು ಬಿಗಿಹಿಡಿದು ಮೂಲೆಯ ಅಂಕಿ ನೋಡುತ್ತಿದ್ದ.

28.