ಯಾವ ಮನೆಯದ್ದು ಇದು?

ಮೊನ್ನೆ ಮಂಗಳವಾರ ರಜೆ ಇತ್ತು, ಸುಮ್ನೆ ಸಂತೆಗೆ ಹೋಗಿದ್ದೆ. ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಮಂಗಳವಾರ, ಶನಿವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ. ಹೆಸರು ಫೈರಾ ದ ಲಾದ್ರಾ. ಲಾದ್ರಾ ಅಂದರೆ ಕಳ್ಳಿ! ಹೆಸರು ಕೇಳಿಯಾದರೂ ಬುದ್ಧಿ ಬರಬೇಕಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ನೀಲಿ ಹೂವಿನ ಟೈಲ್ ಕೊಂಡು ತಂದೆ.

ಮೆಟ್ಟಿಲಲ್ಲಿ ಕೆಳಗಿನ ಮನೆ ಅಜ್ಜಿ ಸಿಕ್ಕರು. ಖುಷಿಯಿಂದ ತೋರಿಸಿದೆ. ಅವರು ಹೂವು ನೋಡಲೇ ಇಲ್ಲ. ಟೈಲನ್ನು ಮಗುಚಿ, ಹಿಂಬದಿಯನ್ನು ಉಗುರಿನಲ್ಲಿ ಕೆರೆದರು. ಗಾರೆ ಇನ್ನೂ ಅಂಟಿಕೊಂಡಿತ್ತು, ಒಂದು ಮೂಲೆ ಉಳಿ ತಾಗಿ ಚಕ್ಕೆ ಎದ್ದಿತ್ತು.

"ಯಾವ ಮನೆಯದ್ದು ಇದು?" ಅಂದರು.

ಇಲ್ಲಿಯವರಿಗೆ ಈ ಟೈಲ್ಸ್, ಅವರ ಮಾತಿನಲ್ಲಿ ಅಝುಲೇಜು, ಬರೀ ಅಲಂಕಾರ ಅಲ್ಲ. 1755ರ ನವೆಂಬರ್ 1ರಂದು ಭೂಕಂಪ, ಬೆಂಕಿ, ಸಮುದ್ರದ ಅಲೆ ಮೂರೂ ಸೇರಿ ಊರನ್ನು ನುಂಗಿದವು. ಅದಕ್ಕೂ ಮುಂಚೆ ಲಿಸ್ಬನ್ ಹೇಗಿತ್ತು ಅಂತ ನೋಡಬೇಕಾದರೆ ಟೈಲ್ಸಿನ ಮ್ಯೂಸಿಯಂಗೇ ಹೋಗಬೇಕು, ಅಲ್ಲಿ ಸುಮಾರು 23 ಮೀಟರ್ ಉದ್ದಕ್ಕೆ ನದಿ ದಂಡೆಯ ಇಡೀ ಊರು ಟೈಲ್ಸಿನ ಮೇಲೆ ನೀಲಿ ಬಣ್ಣದಲ್ಲಿ ನಿಂತಿದೆ. ಬೀದಿಗೆ ಮುಖ ಮಾಡಿದ ಗೋಡೆಗಳಿಗೆ ಟೈಲ್ಸ್ ಹಾಕುವ ಹುಚ್ಚು ಜಾಸ್ತಿಯಾದದ್ದು ಆಮೇಲೆ, 19ನೇ ಶತಮಾನದಲ್ಲಿ. ಈಗ ಅವೇ ಕಳ್ಳರ ಪಾಲು. 2017ರಲ್ಲಿ ಕಾನೂನನ್ನೇ ಬಿಗಿ ಮಾಡಿದರು. ಆದರೂ ರಾತ್ರಿ ಕೀಳುವವರು ಕೀಳುತ್ತಾರೆ, ನನ್ನಂಥ ಪೆದ್ದರು ಕೊಳ್ಳುತ್ತಾರೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಕುಂದಾಪುರದ ಹತ್ತಿರ ನಮ್ಮ ಅಜ್ಜನ ಮನೆ ಇತ್ತು. ಚಾವಡಿಯಲ್ಲಿ ನಾಲ್ಕು ಹಲಸಿನ ಕಂಬ. ಅಜ್ಜ ಎಲೆಗೆ ಸುಣ್ಣ ಹಚ್ಚಿ, ಬೆರಳಿಗೆ ಮಿಕ್ಕಿದ್ದನ್ನು ಬಾಗಿಲ ಪಕ್ಕದ ಕಂಬಕ್ಕೆ ಒರೆಸುತ್ತಿದ್ದರು. ದಿನಾ ಒರೆಸಿ ಒರೆಸಿ ಅಲ್ಲಿ ಬಿಳಿ ಪದರವೇ ಕಟ್ಟಿತ್ತು, ಅಜ್ಜಿ ದಿನಾ ಗೊಣಗುತ್ತಿದ್ದರು. ಪಾಲಾದ ವರ್ಷ ಹಳೇ ಮರ ಕೊಳ್ಳುವವನು ಲಾರಿ ತಂದ. ಕಂಬ, ಬಾಗಿಲು, ಅಜ್ಜಿಯ ಭತ್ತದ ಪೆಟ್ಟಿಗೆ, ಎಲ್ಲ ಹೋಯಿತು. ನಾವೇ ಕೈಕೊಟ್ಟು ಹತ್ತಿಸಿದೆವು. ಕಳ್ಳತನ ಅಲ್ಲ ಬಿಡಿ, ದುಡ್ಡು ಎಣಿಸಿಕೊಂಡಿದ್ದೇವೆ. ಆ ಕಂಬಗಳು ಈಗ ಯಾವುದೋ ರೆಸಾರ್ಟಿನಲ್ಲಿ ಪಾಲಿಶ್ ಹೊಡೆಸಿಕೊಂಡು ನಿಂತಿರಬಹುದು. ಸುಣ್ಣವನ್ನಂತೂ ಮೊದಲೇ ಉಜ್ಜಿ ತೆಗೆದಿರುತ್ತಾರೆ.

ಟೈಲ್ ಕೆಳಗಿನ ಮನೆಯಲ್ಲೇ ಇದೆ, ಅಜ್ಜಿ ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಈಗ ಬ್ರೆಡ್ ತರಲು ಹೋಗುವಾಗೆಲ್ಲ ನನ್ನ ಕಣ್ಣು ಗೋಡೆಗಳ ಮೇಲೆ. ನೀಲಿ ಹೂವುಗಳ ನಡುವೆ 14 ಸೆಂಟಿಮೀಟರಿನ ಖಾಲಿ ಚೌಕ ಹುಡುಕುತ್ತೇನೆ. ನಮ್ಮ ಬೀದಿಯೊಂದರಲ್ಲೇ ಇಲ್ಲಿಯವರೆಗೆ ಆರು ಸಿಕ್ಕಿವೆ.