ಮೊದಲು ದಕ್ಷಬ್ರಹ್ಮನನ್ನು ನೋಡು

ಊರಿಂದ ಬೆಂಗಳೂರಿಗೆ ವಾಪಸ್ ಬಂದು ಹದಿನೈದು ದಿನ ಆಯಿತು. ಆವತ್ತು ಉಟ್ಟಿದ್ದ ಇಳಕಲ್ ಸೀರೆಯನ್ನು ಇನ್ನೂ ಒಗೆಯಲು ಹಾಕಿಲ್ಲ. ಬೀರು ತೆಗೆದರೆ ಸಾಕು, ಗುಗ್ಗಳದ ವಾಸನೆ ಮುಖಕ್ಕೆ ಬಡಿಯುತ್ತದೆ. ನಮ್ಮ ಮನೆಯವರು ಎರಡು ಸಲ "ಏನೋ ಸುಟ್ಟ ವಾಸನೆ" ಅಂದರು. ನಾನು ಸುಮ್ನೆ ಬೀರುವಿನ ಬಾಗಿಲು ಹಾಕಿದೆ.

ಗುಗ್ಗಳ ಅಂದರೆ ಒಂದು ಮುಳ್ಳುಗಿಡದ ಅಂಟು, ಅಷ್ಟೇ. ಬೆಂಕಿಗೆ ಬಿದ್ದ ಕೂಡಲೇ ಒಗರು ಹೊಗೆ ಏಳುತ್ತದೆ, ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಹೊಗೆಯ ಅಡಿಯಿಂದ ಒಂದು ಸಿಹಿ ಬರುತ್ತದೆ. ಊದುಬತ್ತಿಯ ಸಿಹಿಯ ಹಾಗಲ್ಲ. ಹಳೇ ಮನೆಯ ಅಟ್ಟದ ಮೇಲೆ ಬೆಲ್ಲದ ಪೆಂಟೆ ಇಟ್ಟಿದ್ದರೆ ಬರುತ್ತದಲ್ಲ, ಹಾಗೆ. ನನಗೆ ವೀರಭದ್ರ ದೇವರು ಅಂದರೆ ಮೊದಲು ಈ ವಾಸನೆ. ಖಡ್ಗ, ಮೀಸೆ, ಕೆಂಗಣ್ಣು ಎಲ್ಲ ಆಮೇಲೆ.

ನಮ್ಮ ಮನೆದೇವರು ಗೊಡಚಿ ವೀರಭದ್ರ. ರಾಮದುರ್ಗ ತಾಲ್ಲೂಕು. ಚಿಕ್ಕವರಿದ್ದಾಗ ಹೊಸ್ತಿಲ ಹುಣ್ಣಿಮೆ ಜಾತ್ರೆಗೆ ಹೋಗುತ್ತಿದ್ದೆವು. ಬಳೂಲಕಾಯಿ, ಬಾರೀಹಣ್ಣು ಉಡಿ ತುಂಬ ತರುತ್ತಿದ್ದೆವು. ದೇವರ ದರ್ಶನ ಆಯಿತೋ ಇಲ್ಲವೋ ನೆನಪಿಲ್ಲ, ಬಳೂಲಕಾಯಿಯ ಹುಳಿ ಮಾತ್ರ ನೆನಪಿದೆ. ದರ್ಶನ ಅಂತ ನನಗೆ ಆದದ್ದು ಮನೆಯ ದೇವರ ಜಗುಲಿಯ ಮುಂದೆ, ನಮ್ಮ ಆಯಿಯ, ಅಂದರೆ ಅಜ್ಜಿಯ, ಪಕ್ಕ ಕೂತು.

ಜಗುಲಿ ಮೇಲೆ ಒಂದು ಅಂಗೈ ಅಗಲದ ಹಿತ್ತಾಳೆ ಫಲಕ ಇತ್ತು. ನಡುವೆ ವೀರಭದ್ರ. ನಾಲ್ಕು ಕೈ. ಖಡ್ಗ, ಗುರಾಣಿ, ಬಿಲ್ಲು, ಬಾಣ. ಒಂದು ಬದಿಗೆ ಅಮ್ಮನವರು. ಇನ್ನೊಂದು ಬದಿಗೆ, ಸ್ವಾಮಿಯ ಮೊಣಕಾಲಿಗೂ ಬಾರದಷ್ಟು ಸಣ್ಣಗೆ, ಕೈ ಮುಗಿದು ನಿಂತ ಒಬ್ಬ. ಮನುಷ್ಯನ ಮೈ, ಆಡಿನ ತಲೆ. ಅವನೇ ದಕ್ಷಬ್ರಹ್ಮ. ಆಯಿ ಪ್ರತಿ ಸೋಮವಾರ ಹುಣಸೆಹಣ್ಣು ಹಚ್ಚಿ ಫಲಕ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಸ್ವಾಮಿಯ ಮೂಗು ಸವೆದಿತ್ತು. ದಕ್ಷನ ಕೊಂಬಂತೂ ಬರೀ ಎರಡು ಚುಕ್ಕೆ ಆಗಿದ್ದವು.

ನಾನು ಕೈ ಮುಗಿದರೆ ಆಯಿ ನನ್ನ ಗದ್ದ ಹಿಡಿದು ಪಕ್ಕಕ್ಕೆ ತಿರುಗಿಸುತ್ತಿದ್ದಳು. "ಮೊದಲ ಆಡಿನ ತಲಿಯಾಂವನ್ನ ನೋಡ. ಆಮ್ಯಾಲ ಸ್ವಾಮಿನ್ನ ನೋಡ."

ಯಾಕೆ ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ. "ಅಂವಾ ಸಣ್ಣಾಂವ ಅದಾನ, ಮರತು ಬಿಡತೀರಿ" ಅನ್ನುತ್ತಿದ್ದಳು. ಇನ್ನೊಂದು ಸಲ, "ಅಂವಾ ಒಂದು ಹೆಣ್ಣಿನ ಅಪ್ಪ" ಅಂದಿದ್ದಳು. ಈ ಎರಡನೇ ಉತ್ತರ ನನಗೆ ತಿಳಿಯುವುದಕ್ಕೆ ನಲವತ್ತು ವರ್ಷ ಬೇಕಾಯಿತು.

ಅಣ್ಣನ ಮಗಳ ಮದುವೆ ನಿಶ್ಚಯ ಆದಾಗ ಗುಗ್ಗಳದ ಮಾತು ಬಂತು. ಮದುವೆಗೆ ಮುಂಚೆ ಗುಗ್ಗಳ ಉರಿಯುವ ಕೊಡ ಹೊತ್ತು ವೀರಭದ್ರನ ಗುಡಿಗೆ ಹೋಗುವ ಶಾಸ್ತ್ರಕ್ಕೂ ಗುಗ್ಗಳ ಅಂತಲೇ ಹೆಸರು. ಕೆಲವರ ಮನೆಯಲ್ಲಿ ಗಂಡಿನ ಕಡೆಯವರಷ್ಟೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮದುವೆಗೂ ಮಾಡುವ ಪದ್ಧತಿ. ಕಲ್ಯಾಣ ಮಂಟಪದವರು ಬೆಂಕಿ, ಹೊಗೆ ಏನೂ ನಡೆಯಲ್ಲ ಅಂದುಬಿಟ್ಟರು. ಬೇಕಿದ್ದರೆ ಫೋಟೋಗೆ ಅಂತ ಹೊಗೆ ಬರುವ ಮಿಷನ್ ಇಡ್ತೀವಿ ಅಂದರಂತೆ! ಮದುಮಗಳು ಮಂಟಪಕ್ಕೆ ಬರುವಾಗ ಬಿಡುವ ಆ ಬಿಳೀ ಹೊಗೆ ಇದೆಯಲ್ಲ, ಅದಕ್ಕೆ ಅಡ್ಡಿಯಿಲ್ಲ. ಗುಗ್ಗಳದ ಹೊಗೆಗೆ ಮಾತ್ರ ಅಡ್ಡಿ. ಅಣ್ಣ ಕೂಡ "ಒಂದು ಕಾಯಿ ಒಡೆದು ತಪ್ಪುಕಾಣಿಕೆ ಹಾಕಿದರಾಯ್ತು" ಅಂತ ಕೈ ಬಿಟ್ಟಿದ್ದ. ನಾನೇ ಹಟ ಹಿಡಿದೆ. ಮದುವೆಗೆ ಒಂದು ವಾರ ಮುಂಚೆ ಎಲ್ಲರೂ ಊರಿಗೆ ಹೋದೆವು.

ವೀರಭದ್ರನ ಕತೆ ಹೇಳಿ ಕುಣಿಯುವ ಪುರವಂತರು ಮೂವರು ಬಂದಿದ್ದರು. ಹಿರಿಯರಿಗೆ ಎಪ್ಪತ್ತು ದಾಟಿರಬೇಕು. ಕೆಂಪು ಬಟ್ಟೆ, ಕೊರಳ ತುಂಬ ರುದ್ರಾಕ್ಷಿ, ಹಣೆಗೆ ವಿಭೂತಿ, ಕೈಯಲ್ಲಿ ಖಡ್ಗ. ಸಮ್ಮಾಳ ಬಾರಿಸುವವನು ಬೆಂಕಿಗೆ ಹಿಡಿದು ಚರ್ಮ ಬಿಸಿ ಮಾಡುತ್ತಿದ್ದ. ಮಣ್ಣಿನ ಕೊಡದಲ್ಲಿ ಬೆಂಕಿ ಎದ್ದಿತು. ಮೊದಲ ಹಿಡಿ ಗುಗ್ಗಳ ಬಿತ್ತು. ಭುಗ್ ಅಂತು. ಅಷ್ಟೇ. ಆಮೇಲೆ ಯಾರು ಕೊಡ ಹೊತ್ತರು, ಯಾವ ಓಣಿ ಹಿಡಿದೆವು, ಎಷ್ಟು ಹೊತ್ತಿಗೆ ಗುಡಿ ಮುಟ್ಟಿದೆವು, ಒಂದೂ ನನಗೆ ಸರಿಯಾಗಿ ನೆನಪಿಲ್ಲ. ನನ್ನ ಪಕ್ಕದಲ್ಲಿ ಆಯಿ ನಡೆಯುತ್ತಿದ್ದ ಹಾಗೆ ಇತ್ತು. ಅವಳ ಬಾಯಿಂದ ಬರುತ್ತಿದ್ದ ಎಲೆ ಅಡಿಕೆ ವಾಸನೆಯೂ ಸೇರಿ ಬಂತು ಅಂದರೆ ನೀವು ನಂಬುತ್ತೀರೋ ಇಲ್ಲವೋ.

ಹಿರಿಯ ಪುರವಂತರು ಊರ ಅಗಸೆ ಬಾಗಿಲ ಹತ್ತಿರ ನಿಂತು ಒಡಪು, ಅಂದರೆ ದೇವರ ಕತೆಯ ಮಾತು, ಹೇಳಲು ಶುರು ಮಾಡಿದರು. "ಆಹಾ ರುದ್ರಾ! ಆಹಾ ದೇವಾ!" ಕತೆ ನಿಮಗೆಲ್ಲ ಗೊತ್ತಿರುವುದೇ. ಸಭೆಯಲ್ಲಿ ಅಳಿಯ ಶಿವ ಎದ್ದು ನಿಲ್ಲಲಿಲ್ಲ ಅಂತ ಮಾವ ದಕ್ಷನಿಗೆ ಸಿಟ್ಟು. ಆ ಸಿಟ್ಟಿಗೆ ಒಂದು ಯಜ್ಞ. ಎಲ್ಲರಿಗೂ ಕರೆ, ಮಗಳಿಗೂ ಅಳಿಯನಿಗೂ ಇಲ್ಲ. ದಾಕ್ಷಾಯಣಿ ತಡೆಯಲಾರದೆ ಕರೆಯದ ತವರಿಗೆ ಹೊರಟಳು. ಶಿವ ಬೇಡ ಅಂದ. ಕೇಳಲಿಲ್ಲ.

ಇಲ್ಲಿ ಪುರವಂತರು ನಿಲ್ಲಿಸಿದರು. ಸಮ್ಮಾಳವೂ ನಿಂತಿತು. ಆಮೇಲೆ ಮೆಲ್ಲಗೆ, ಮನೆಯ ಸುದ್ದಿ ಹೇಳುವ ದನಿಯಲ್ಲಿ, ಮಗಳು ಬಾಗಿಲಲ್ಲಿ ನಿಂತರೂ ಯಾರೂ ಬಾ ಅನ್ನಲಿಲ್ಲ ಅಂದರು. ತಾಯಿ, ಅಕ್ಕತಂಗಿಯರು ಮಾತ್ರ ಅಪ್ಪಿಕೊಂಡು ಅತ್ತರು. ಉಳಿದವರೆಲ್ಲ ದಕ್ಷನ ಮುಖ ನೋಡಿದರು.

ನನಗೆ ಮೈ ಜುಮ್ ಅಂತು. ಇಷ್ಟು ವರ್ಷ ನಾನು ಈ ಕತೆಯನ್ನು ಖಡ್ಗದ ಕತೆ ಅಂತಲೇ ಕೇಳಿದ್ದೆ. ಮದುವೆಗೆ ಮುಂಚೆ ವೀರಭದ್ರನನ್ನು ಯಾಕೆ ನೆನೆಯುತ್ತಾರೆ ಅಂದರೆ ವಿಘ್ನ ಬರದಿರಲಿ, ದೃಷ್ಟಿ ತಾಗದಿರಲಿ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಇದು ಮಾವ, ಅಳಿಯ, ನಡುವೆ ಸಿಕ್ಕ ಮಗಳ ಕತೆ ಅಲ್ವಾ? ಒಂದು ಹುಡುಗಿ ಇನ್ನೊಂದು ಮನೆಗೆ ಹೊರಟಿರುವಾಗ, ಅವಳ ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ, ಬೆಂಕಿಯ ಮುಂದೆ, ಇದೇ ಕತೆಯನ್ನು ಕೇಳಿಸುತ್ತಾರೆ. ನಮ್ಮ ಹಿರಿಯರು ಸುಮ್ನೆ ಇಟ್ಟ ಶಾಸ್ತ್ರ ಅಲ್ಲ ಇದು.

ದಾಕ್ಷಾಯಣಿ ಅಪ್ಪನ ಯಜ್ಞಶಾಲೆಯಲ್ಲೇ ಪ್ರಾಣ ಬಿಟ್ಟ ಸುದ್ದಿ ಕೇಳಿ ಶಿವ ತಾನೇ ಎದ್ದು ಹೋಗಲಿಲ್ಲ, ನೋಡಿ. ಒಂದು ಜಟೆ ಕಿತ್ತು ನೆಲಕ್ಕೆ ಅಪ್ಪಳಿಸಿದ. ಅದರಿಂದ ಎದ್ದವನು ವೀರಭದ್ರ. ಸಂಕಟ ತಾಳದಾಗ ತಲೆಗೂದಲು ಕಿತ್ತುಕೊಂಡರು ಅಂತೀವಲ್ಲ, ಅದೇ. ಆಯಿ ಇದನ್ನು ಹೇಳುವಾಗ ತನ್ನ ತುರುಬಿಗೆ ಕೈ ಹಾಕುತ್ತಿದ್ದಳು. "ಸಿಟ್ಟಿಗೆ ಹುಟ್ಟಿದಾಂವ ಅಲ್ಲವಾ ಅಂವಾ. ದುಃಖಕ್ಕ ಹುಟ್ಟಿದಾಂವ." ಅದಕ್ಕೇ ಇರಬೇಕು, ಅಷ್ಟು ದೊಡ್ಡ ಮೀಸೆಯ ದೇವರ ಮುಂದೆ ನಮ್ಮ ಕಡೆ ಹೆಂಗಸರು ಹೆದರುವುದೇ ಇಲ್ಲ. ಮನೆಯ ಹಿರಿ ಮಗನ ಹತ್ತಿರ ಹೇಳಿಕೊಂಡ ಹಾಗೆ ಎಲ್ಲ ಹೇಳಿಕೊಳ್ಳುತ್ತಾರೆ.

ಭಾಗವತದ 4ನೇ ಸ್ಕಂಧದಲ್ಲಿ ಯಜ್ಞಶಾಲೆಯಲ್ಲಿ ನಡೆದದ್ದು ಒಂದೊಂದೂ ಇದೆ. ಮೊದಲು ಸಭೆಯಲ್ಲಿ ದಕ್ಷ ಶಿವನನ್ನು ಬೈದಾಗ ಪೂಷ ಹಲ್ಲು ಬಿಟ್ಟು ನಕ್ಕಿದ್ದ. ವೀರಭದ್ರನ ಸೈನ್ಯ ಬಂದಾಗ ಅವನ ಹಲ್ಲು ಹೋಯಿತು. ಭಗ ಕಣ್ಣಲ್ಲೇ ಸನ್ನೆ ಮಾಡಿ ದಕ್ಷನನ್ನು ಹುರಿದುಂಬಿಸಿದ್ದ. ಅವನ ಕಣ್ಣು ಹೋಯಿತು. ಭೃಗು ಗಡ್ಡ ತೋರಿಸಿಕೊಂಡು ನಕ್ಕಿದ್ದ, ಗಡ್ಡ ಹೋಯಿತು. ಯಾರು ಯಾವುದರಿಂದ ಅವಮಾನ ಮಾಡಿದರೋ ಅದನ್ನೇ ಕಳೆದುಕೊಂಡರು. ಬೈದವನು ದಕ್ಷ ಒಬ್ಬನೇ. ಆದರೆ ಪಕ್ಕದಲ್ಲಿ ಕೂತು ನಕ್ಕವರನ್ನೂ ಸ್ವಾಮಿ ಬಿಡಲಿಲ್ಲ. ಇವತ್ತು ಮದುವೆ ಮನೆಗಳಲ್ಲಿ ಬೀಗರ ಕಡೆಯವರ ಬಗ್ಗೆ ಮೂಲೆಯಲ್ಲಿ ಕೂತು ಕಿಸಿಕಿಸಿ ನಗುತ್ತೀವಲ್ಲ, ಆಗ ನನಗೆ ಪೂಷನ ಹಲ್ಲು ನೆನಪಾಗುತ್ತದೆ. ನಾನೂ ನಕ್ಕಿದ್ದೇನೆ, ಇಲ್ಲ ಅನ್ನುವುದಿಲ್ಲ.

ಆದರೆ ಆಯಿಗೆ ಇಷ್ಟವಾದ ಭಾಗ ಇದರ ಮುಂದಿನದು. ದೇವತೆಗಳೆಲ್ಲ ಹೋಗಿ ಬೇಡಿಕೊಂಡಾಗ ಶಿವ ಎಲ್ಲರಿಗೂ ಒಂದೊಂದು ದಾರಿ ಮಾಡಿಕೊಟ್ಟ. ಭಗ ಇನ್ನು ಮೇಲೆ ಮಿತ್ರನ ಕಣ್ಣಿಂದ ನೋಡಲಿ. ಭೃಗುವಿಗೆ ಹೋತದ ಗಡ್ಡ. ಪೂಷ ಹಿಟ್ಟು ತಿಂದುಕೊಂಡಿರಲಿ. ಹಲ್ಲೆಲ್ಲ ಬಿದ್ದ ಮೇಲೆ ಆಯಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಾ, "ನಾನೂ ಪೂಷನ ಬಳಗ ನೋಡು" ಅಂತ ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು.

ದಕ್ಷನ ತಲೆಯನ್ನು ವೀರಭದ್ರ ಕಡಿದಿದ್ದ; ಬದಲಿಗೆ ಅವನಿಗೆ ಬಂದದ್ದು ಅವನದೇ ಯಜ್ಞದಲ್ಲಿ ಬಲಿಗೆ ಇಟ್ಟಿದ್ದ ಆಡಿನ ತಲೆ. ಆ ತಲೆ ಇಟ್ಟುಕೊಂಡೇ ಅವನು ಶಿವನನ್ನು ಹೊಗಳಿದ. ಅದೇ ಚಮಕ ಮಂತ್ರ ಅಂತ ನಮ್ಮಲ್ಲಿ ಒಂದು ನಂಬಿಕೆ. "ವಾಜಶ್ಚ ಮೇ ಪ್ರಸವಶ್ಚ ಮೇ" ಅಂತ ಸಾಲು ಸಾಲಿಗೂ ಮೇ, ಮೇ ಬರುತ್ತದಲ್ಲ, ಆಡು ಒದರಿದ ಹಾಗೆ. ಅಯ್ನೋರು ರುದ್ರಾಭಿಷೇಕ ಮಾಡುವಾಗ ಚಮಕ ಶುರುವಾದರೆ ಆಯಿ ನನ್ನ ತೊಡೆ ಚಿವುಟುತ್ತಿದ್ದಳು. ಇಬ್ಬರಿಗೂ ನಗು. ಮೇ ಅಂದರೆ 'ನನಗೆ' ಅಂತ ಅರ್ಥ ಎಂದು ದೊಡ್ಡವಳಾದ ಮೇಲೆ ತಿಳಿಯಿತು. ಮೊದಲು ನಾನು ನಾನು ಅಂತಿದ್ದ ಬಾಯಿ ಈಗ ನನಗೆ ಕೊಡು, ನನಗೆ ಕೊಡು ಅಂತಿದೆ. ಆಡಿನ ತಲೆ ಬಂದದ್ದಕ್ಕೆ ಅವನಿಗೆ ಬೇಡುವುದು ಬಂತು.

ಹಂಪಿಗೆ ಹೋದಾಗ ಉದ್ದಾನ ವೀರಭದ್ರನ ಗುಡಿಗೆ ಹೋಗಿದ್ದೆ. ಕಮಲಾಪುರದ ರಸ್ತೆಯಲ್ಲಿ, ಲಕ್ಷ್ಮೀನರಸಿಂಹನಿಂದ ಹೆಚ್ಚು ದೂರವಿಲ್ಲ. 3.6 ಮೀಟರ್ ಎತ್ತರದ ಸ್ವಾಮಿ, ಇವತ್ತಿಗೂ ಪೂಜೆ ಇದೆ. ಸದಾಶಿವರಾಯನ ಕಾಲದಲ್ಲಿ, 1545ರಲ್ಲಿ ಕಟ್ಟಿದ ಗುಡಿ. ಪ್ರವಾಸಿಗರ ಬಸ್ಸುಗಳು ನರಸಿಂಹನ ಹತ್ತಿರ ನಿಂತು ಹೊರಟುಬಿಡುತ್ತವೆ. ಒಳಗೆ ನಾನೊಬ್ಬಳೇ. ನಾನು ಅಭ್ಯಾಸದಂತೆ ಮೊದಲು ಕಾಲ ಬುಡದಲ್ಲಿ ಹುಡುಕಿದೆ. ಹೂವು, ಬಟ್ಟೆ ಮುಚ್ಚಿ ಏನೂ ಕಾಣಲಿಲ್ಲ. ಮುಖ ನೋಡಲು ಕತ್ತೆತ್ತಿದರೆ ಕುತ್ತಿಗೆ ನೋಯಿತು. ಆಯಿ ಇದ್ದಿದ್ದರೆ ಪೂಜಾರಿಗೆ ಹೇಳಿ ಹೂವು ಸರಿಸಿಸಿ ನೋಡದೆ ಬಿಡುತ್ತಿರಲಿಲ್ಲ.

ಈಗ ಊರುಗಳಲ್ಲಿ ಗುಗ್ಗಳ ನಿಂತಿಲ್ಲ, ಜಾಸ್ತಿಯೇ ಆಗಿದೆ. ಆದರೆ ಸಮ್ಮಾಳದ ಪಕ್ಕದಲ್ಲೇ ಡಿಜೆ. ಒಡಪು ಹೇಳುವಾಗ ಹುಡುಗರು "ಸಾಕು ಬಿಡ್ರೀ, ಶಸ್ತ್ರ ಹಾಕ್ರಿ" ಅಂತ ಕೂಗುತ್ತಾರೆ. ಮೊಬೈಲಿಗೆ ಬೇಕಾದದ್ದು ಕೆನ್ನೆಗೆ ಚುಚ್ಚುವ ದೃಶ್ಯ. ನಾಲ್ಕು ಮಾತು ಕೇಳುವಷ್ಟು ಪುರುಸೊತ್ತು ಇಲ್ಲ. ನಮ್ಮ ಗುಗ್ಗಳದಲ್ಲೂ ಒಬ್ಬ ಹಾಗೆ ಕೂಗಿದ. ಹಿರಿಯ ಪುರವಂತರು ಅವನನ್ನೊಮ್ಮೆ ನೋಡಿ, ಏನೂ ಅನ್ನದೆ, ಬಿಟ್ಟಲ್ಲಿಂದ ಮುಂದುವರಿಸಿದರು. ತಮ್ಮ ಮಗ ಪಟ್ಟಣದಲ್ಲಿ ಕೆಲಸಕ್ಕಿದ್ದಾನೆ, ಒಡಪು ಕಲಿತಿಲ್ಲ ಅಂತ ಆಮೇಲೆ ಊಟದ ಹೊತ್ತಲ್ಲಿ ಹೇಳಿದರು. ನಾನು ಏನು ಹೇಳಲಿ, ನನ್ನ ಮಕ್ಕಳೇ ಗುಗ್ಗಳಕ್ಕೆ ಬಂದಿರಲಿಲ್ಲ.

ಗುಡಿಯಲ್ಲಿ ಮಂಗಳಾರತಿ ಆದ ಮೇಲೆ ಅಣ್ಣ ಕಟ್ಟೆ ಮೇಲೆ ಕೂತ. ಮುಖವೆಲ್ಲ ಮಸಿ. ಆಯಿಯ ಕತೆ ನೆನಪಿದೆಯಾ ಅಂತ ಕೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಅವಳು ನನಗೊಬ್ಬಳಿಗೇ ಹೇಳಿದ್ದಿರಬೇಕು.

ಹೊಲದ ಬದುವಿನ ಜಗಳಕ್ಕೆ ನಮ್ಮ ಮುತ್ಯಾಗೂ, ಅಂದರೆ ಅಜ್ಜನಿಗೂ, ಆಯಿಯ ಅಣ್ಣನಿಗೂ ಮಾತು ಬಿಟ್ಟಿತ್ತು. ತವರಲ್ಲಿ ಹೊಸ ಮನೆಯ ವಾಸ್ತು. ಕರೆ ಬರಲಿಲ್ಲ. ಆಯಿ ತಡೆಯದೆ ಹೋದಳು. ಪಡಸಾಲೆಯಲ್ಲಿ ಕೂತಳು. ಒಬ್ಬರೂ ಒಂದು ತಂಬಿಗೆ ನೀರು ಕೊಡಲಿಲ್ಲ. ಸಂಜೆ ನಡೆದೇ ವಾಪಸ್ ಬಂದಳು. ಮುತ್ಯಾ ಏನೂ ಕೇಳಲಿಲ್ಲ. ಎತ್ತು ಕಟ್ಟಿ ಬಂದು, ತಾನೇ ನೀರು ಕಾಯಿಸಿ ಅವಳ ಕಾಲಿಗೆ ಹಾಕಿದ. ಬಹಳ ವರ್ಷ ಆದ ಮೇಲೆ ಆ ಅಣ್ಣ ಮುದುಕನಾಗಿ, ಕೋಲು ಊರಿಕೊಂಡು, ಇವಳ ಬಾಗಿಲಿಗೆ ಬಂದ. "ಗಡ್ಡ ಬಿಟ್ಟಿದ್ದ. ಥೇಟ್ ಆಡಿನಂಗ. ಮ್ಯಾ ಅಂತ ಬಂದಾ" ಅಂದಿದ್ದಳು ಆಯಿ. "ರೊಟ್ಟಿ ಬಡದ ಹಾಕಿದೆ."

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಗರ್ಭಗುಡಿಯ ಹೊಸ್ತಿಲ ತನಕ ಹೋದ. ಪೂಜಾರಿಗೆ ಏನೋ ಹೇಳಿದ. ಅವರು ಸ್ವಾಮಿಯ ಕಾಲ ಹತ್ತಿರ ರಾಶಿ ಬಿದ್ದಿದ್ದ ಚೆಂಡುಹೂವು ಸರಿಸಿದರು. ಅಲ್ಲಿದ್ದ, ಕೈ ಮುಗಿದುಕೊಂಡು.

ಮದುವೆ ಆಯಿತು. ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತು. ನಮ್ಮ ಕಡೆ ಅಪ್ಪಂದಿರು ಅಂಥ ಹೊತ್ತಲ್ಲಿ ಗಾಡಿಗೆ ಸಾಮಾನು ಹಾಕಿಸುವುದರಲ್ಲೇ ಇರುತ್ತಾರೆ. ಅಣ್ಣನೂ ಅಲ್ಲೇ ಇದ್ದ. ಕಾರಿನ ಬಾಗಿಲು ಹಾಕುವ ಮುಂಚೆ ಬಗ್ಗಿ ಅಂದ, "ಕರೀಲಿಲ್ಲಂದ್ರೂ ಬಾರವಾ. ಇಬ್ಬರೂ ಬರ್ರಿ."

ಅವಳಿಗೆ ಅರ್ಥ ಆಗಲಿಲ್ಲ. "ಯಾಕ್ ಕರೆಯಂಗಿಲ್ಲಪ್ಪ ನೀ?" ಅಂದಳು. ಆಮೇಲೆ ಚಾರ್ಜರ್ ಮೇಲಿನ ರೂಮಲ್ಲೇ ಮರೆತೆ ಅಂತ ನನ್ನನ್ನು ಓಡಿಸಿದಳು.