ಯವನ ಅಂದ್ರೆ ಯಾರು?

ಮಹಾರಾಷ್ಟ್ರದ ಕಾರ್ಲೆಯ ಹಳೇ ಬೌದ್ಧ ಗುಹೆಯ ಕಂಬಗಳ ಫೋಟೊ ನೋಡ್ತಿದ್ದೆ. ಕೆಲವು ಕಂಬಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ದಾನಿಗಳ ವಿವರ ಇದೆ. ಊರು ಧೇನುಕಾಕಟ, ಜನ ಯವನರು. ಹೆಸರು ಮಾತ್ರ ಸಿಹಧಯ, ಧಂಮ! ಅಪ್ಪಟ ಇಲ್ಲಿನವು.

ಯವನ ಅನ್ನೋ ಪದದ ಮೂಲ ಅಯೋನಿಯದ ಗ್ರೀಕರು, ಅಂದ್ರೆ ಈಗಿನ ಟರ್ಕಿಯ ಪಶ್ಚಿಮ ಕರಾವಳಿಯವರು. ಪರ್ಷಿಯನ್ನರ ಬಾಯಲ್ಲಿ ಅದು ಯೌನ, ಅಶೋಕನ ಶಾಸನದಲ್ಲಿ ಯೋನ, ಸಂಸ್ಕೃತದಲ್ಲಿ ಯವನ. ಒಂದು ಕರಾವಳಿಯವರ ಹೆಸರು ಎಲ್ಲ ಗ್ರೀಕರಿಗೂ ಅಂಟಿತು. ಆಮೇಲೆ ರೋಮ್ ಕಡೆಯ ವ್ಯಾಪಾರಿಗಳಿಗೂ. ಶತಮಾನಗಳು ಕಳೆದ ಮೇಲೆ ಮುಸ್ಲಿಮರಿಗೂ ಅದೇ ಹೆಸರು. ಪಡುವಣದಿಂದ ಬಂದವರೆಲ್ಲ ಯವನರೇ ಅನ್ನೋ ಲೆಕ್ಕ!

ನಾಟಕದ ಪರದೆಗೆ ಯವನಿಕೆ ಅನ್ನೋದೂ ಇವರಿಂದಲೇ ಬಂತು ಅಂತ ಕೆಲವರು ಹೇಳ್ತಾರೆ. ನನಗೇಕೋ ನಂಬಿಕೆ ಕಮ್ಮಿ. ಜವನಿಕೆ ಅನ್ನೋ ರೂಪವೂ ಇದೆ ಅಲ್ವಾ? ಅದೇ ಮೂಲ ರೂಪವಾಗಿದ್ರೆ ಯವನರಿಗೂ ಪರದೆಗೂ ನಂಟೇ ಇಲ್ಲ.